ಭಾರತದಲ್ಲಿ ಬಯೋಎಥಿಕ್ಸ್ ಬೆಳೆದು ಬಂದ ಬಗೆ, ಬೆಳಗಾವಿ-ಬಾಗಲಕೋಟೆ-ವಿಜಯಪುರದಲ್ಲಿ ಅದು ನಡೆಯುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಯೋಎಥಿಕ್ಸ್ ಎಂದರೆ ಚಿಕಿತ್ಸೆಯಲ್ಲಿ, ಆರೋಗ್ಯ ಸಂಶೋಧನೆಯಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ವಿಚಾರ. ನಮ್ಮ ಮೂರು ಜಿಲ್ಲೆಗಳ ಮೆಡಿಕಲ್, ನರ್ಸಿಂಗ್, ಆಯುರ್ವೇದ ಕಾಲೇಜುಗಳ ಪಿ.ಜಿ. ವಿದ್ಯಾರ್ಥಿಗಳು ಮತ್ತು ಸಂಶೋಧನೆಯನ್ನು ಪರಿಶೀಲಿಸಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಹೊಸದಾಗಿ ಸೇರಿದ ವಕೀಲರು, ಶಿಕ್ಷಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. "ಒಂದು ಸ್ಟಡಿ ಐತಿ, ಸೇರ್ತೀರೇನ್ರಿ?" ಎಂದು ಆಸ್ಪತ್ರೆಯಲ್ಲಿ ಕೇಳಿಸಿಕೊಂಡು ಗೊಂದಲಕ್ಕೆ ಬಿದ್ದ ಮನೆಯವರ ಪ್ರಶ್ನೆಗಳೂ ಇವೆ.

ಬಯೋಎಥಿಕ್ಸ್ ಎಂದರೆ ಡಾಕ್ಟರು ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳೇ ಅಲ್ಲವೇ?

ಅದು ಇದರ ಒಂದು ಭಾಗ ಮಾತ್ರ. ವೈದ್ಯರ ನಡತೆಗೆ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಇದೆ. ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಬಯೋಎಥಿಕ್ಸ್‌ನ ಹರವು ಇದಕ್ಕಿಂತ ದೊಡ್ಡದು. ಮನುಷ್ಯರ ಮೇಲೆ ನಡೆಯುವ ಸಂಶೋಧನೆ, ಅಂಗದಾನ, ಬಾಡಿಗೆ ತಾಯ್ತನ, ಗರ್ಭಪಾತ, ವೆಂಟಿಲೇಟರ್ ತೆಗೆಯುವ ನಿರ್ಧಾರ, ರೋಗಿಯ ಮಾಹಿತಿಯ ಗುಟ್ಟು ಎಲ್ಲವೂ ಇದರೊಳಗೆ ಬರುತ್ತವೆ. ಡಾಕ್ಟರು, ವಕೀಲರು, ಸಮಾಜಶಾಸ್ತ್ರಜ್ಞರು, ಸಾಮಾನ್ಯ ಜನ ಒಂದೇ ಮೇಜಿನ ಸುತ್ತ ಕೂತು ಮಾಡಬೇಕಾದ ಕೆಲಸ ಇದು.

ನಮ್ಮ ದೇಶದಲ್ಲಿ ಇದು ಯಾವಾಗ ಶುರುವಾಯಿತು?

ಸಂಶೋಧನೆಯ ಕಡೆಯಿಂದ ನೋಡಿದರೆ 1980. ಆ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮನುಷ್ಯರ ಮೇಲಿನ ಸಂಶೋಧನೆಗೆ ತನ್ನ ಮೊದಲ ನೀತಿ ಹೇಳಿಕೆ ಹೊರಡಿಸಿತು. ಅದನ್ನು ರೂಪಿಸಿದ ಸಮಿತಿಗೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಧ್ಯಕ್ಷರಾಗಿದ್ದರು. ಹೊರದೇಶಗಳಲ್ಲಿ ಅಷ್ಟರಲ್ಲಿ ಇಂಥವೇ ನೀತಿ ಹೇಳಿಕೆಗಳಾದ 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, 1979ರ ಬೆಲ್ಮಾಂಟ್ ವರದಿ ಬಂದಾಗಿತ್ತು. ಅಂದರೆ ನಾವು ಬಹಳ ತಡ ಮಾಡಿದವರಲ್ಲ. ಆದರೆ ಆ ಹೇಳಿಕೆಗೆ ಕಾನೂನಿನ ಬಲ ಇರಲಿಲ್ಲ. ಸಂಸ್ಥೆಗಳು ಕಮಿಟಿ ಮಾಡಿಕೊಳ್ಳಬೇಕು ಎಂದು ಬರೆದಿತ್ತು, ಮಾಡಿದವರು ಕಡಿಮೆ.

ಮುಂದಿನ ದೊಡ್ಡ ಹೆಜ್ಜೆ 2000ದ ಮಾರ್ಗಸೂಚಿ. ಆ ಸಮಿತಿಯ ಅಧ್ಯಕ್ಷರು ನಮ್ಮವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. 2006ರಲ್ಲಿ ಅದು ಪರಿಷ್ಕರಣೆಗೊಂಡಿತು. ಇವತ್ತು ಕಮಿಟಿಗಳ ಮೇಜಿನ ಮೇಲಿರುವುದು 2017ರ ರಾಷ್ಟ್ರೀಯ ಮಾರ್ಗಸೂಚಿ. ಮಕ್ಕಳ ಮೇಲಿನ ಸಂಶೋಧನೆಗೆ ಅದೇ ವರ್ಷ ಬೇರೆ ಪುಸ್ತಕವೇ ಬಂತು, ಕೃತಕ ಬುದ್ಧಿಮತ್ತೆ ಬಳಸುವ ಸಂಶೋಧನೆಗೆ 2023ರಲ್ಲಿ.

ಸರ್ಕಾರದ ಹೊರಗೂ ಒಂದು ಧಾರೆ ಹರಿಯಿತು, ಅದನ್ನು ಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ. ಮುಂಬೈಯ ಕೆಲವು ವೈದ್ಯರು, ಆರೋಗ್ಯ ಕಾರ್ಯಕರ್ತರು ಸೇರಿ 1993ರಲ್ಲಿ ಒಂದು ಸಣ್ಣ ಪತ್ರಿಕೆ ಶುರು ಮಾಡಿದರು. ಇಂದಿನ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್ ಅದೇ. ಅದರ ಬಳಗವೇ 2005ರಲ್ಲಿ ಮುಂಬೈಯಲ್ಲಿ ಮೊದಲ ರಾಷ್ಟ್ರೀಯ ಬಯೋಎಥಿಕ್ಸ್ ಸಮ್ಮೇಳನ ಕರೆಯಿತು. ಎರಡನೆಯದು 2007ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. 2018ರ ವಿಶ್ವ ಬಯೋಎಥಿಕ್ಸ್ ಸಮ್ಮೇಳನವೂ ಬೆಂಗಳೂರಿಗೇ ಬಂತು. ಸಮಾಜ ವಿಜ್ಞಾನದವರು ಆರೋಗ್ಯ ಸಂಶೋಧನೆ ಮಾಡುವಾಗ ಏನು ಪಾಲಿಸಬೇಕು ಎಂದು ಮುಂಬೈಯ ಸೆಹತ್ ಸಂಸ್ಥೆ 2000ದಲ್ಲೇ ಮಾರ್ಗಸೂಚಿ ತಂದಿತ್ತು.

ಕಾನೂನು ಬರಲು ಇಷ್ಟು ವರ್ಷ ಏಕೆ ಬೇಕಾಯಿತು? ಏನಾದರೂ ಅನಾಹುತ ಆಯಿತೇ?

ಆಯಿತು, ಒಂದಲ್ಲ ಹಲವು. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು. ಇವತ್ತಿನ ಒಂದೊಂದು ನಿಯಮದ ಹಿಂದೆಯೂ ಒಂದೊಂದು ಘಟನೆ ಇದೆ. ಅದು ಗೊತ್ತಿಲ್ಲದವರಿಗೆ ನಿಯಮವೆಲ್ಲ ಬರೀ ಕಾಗದದ ಕಾಟವಾಗಿ ಕಾಣುತ್ತದೆ.

ದೆಹಲಿಯಲ್ಲಿ 1970ರ ದಶಕದ ಮಧ್ಯದಿಂದ 1980ರ ದಶಕದ ಕೊನೆಯವರೆಗೆ, ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಹೋದರು. ಲಿಖಿತ ಒಪ್ಪಿಗೆ ಪಡೆದಿರಲಿಲ್ಲ. ಕೆಲವರಿಗೆ ಕ್ಯಾನ್ಸರ್ ಬಂತು. ಅದು ಬಯಲಾದದ್ದು 1997ರಲ್ಲಿ. ಗಮನಿಸಿ, 1980ರ ಹೇಳಿಕೆ ಜಾರಿಯಲ್ಲಿರುವಾಗಲೇ, ಐಸಿಎಂಆರ್‌ನದೇ ಸಂಸ್ಥೆಯಲ್ಲಿ ಇದು ನಡೆದಿತ್ತು.

2001ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಪ್ರಯೋಗ ಸುದ್ದಿಯಾಯಿತು. ಬಾಯಿ ಕ್ಯಾನ್ಸರ್ ಇದ್ದ 26 ರೋಗಿಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ಹೊಸ ರಾಸಾಯನಿಕ ಚುಚ್ಚಿದ್ದರು. ತಾವು ಪ್ರಯೋಗದಲ್ಲಿದ್ದೇವೆ ಎಂಬುದೇ ಕೆಲವರಿಗೆ ತಿಳಿದಿರಲಿಲ್ಲ.

2009-10ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಯೋಜನೆ ನಡೆಯಿತು. ಏಳು ಹುಡುಗಿಯರು ತೀರಿಕೊಂಡರು. ತನಿಖೆ ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದಿತು. ಆದರೆ ತಂದೆ-ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಹೊರಬಂತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾದ ವರದಿ ಕೊಟ್ಟಿತು. ಲಸಿಕೆಯೇ ಕೆಟ್ಟದ್ದು ಎಂಬ ಪಾಠವನ್ನು ಇದರಿಂದ ಕಲಿಯಬಾರದು. ಒಪ್ಪಿಗೆಯನ್ನು ಕಡೆಗಣಿಸಿದರೆ ಒಳ್ಳೆಯ ಲಸಿಕೆಯೂ ಜನರ ನಂಬಿಕೆ ಕಳೆದುಕೊಳ್ಳುತ್ತದೆ.

ಇಂದೋರಿನ ಔಷಧ ಪ್ರಯೋಗಗಳ ಬಗ್ಗೆ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮರುವರ್ಷವೇ ಮೂರು ತಿದ್ದುಪಡಿ ಬಂದವು: ಪರಿಹಾರ ಕಡ್ಡಾಯ, ಎಥಿಕ್ಸ್ ಕಮಿಟಿಗೆ ನೋಂದಣಿ, ಪ್ರಯೋಗದ ಅನುಮತಿಗೆ ಷರತ್ತು. ಒಪ್ಪಿಗೆಯ ಆಡಿಯೋ-ವಿಡಿಯೋ ದಾಖಲೆಯೂ ಆಗಲೇ ಬಂತು. ಇವೆಲ್ಲ ಒಟ್ಟಾಗಿ 2019ರ ಮಾರ್ಚ್‌ನಲ್ಲಿ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಾದವು. ಇವತ್ತು ಕಾನೂನಿನ ಬಲ ಇರುವುದು ಇದಕ್ಕೆ.

ಚರಕ ಸಂಹಿತೆಯಲ್ಲೇ ವೈದ್ಯನ ಪ್ರತಿಜ್ಞೆ ಇದೆ. ಹಾಗಿದ್ದರೆ ಹೊರಗಿನ ತತ್ವ ಏಕೆ?

ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಷ್ಯನಿಗೆ ಗುರು ಹೇಳುವ ಕಟ್ಟಳೆಗಳಿವೆ, ಅವು ಬಹಳ ಎತ್ತರದವು. ಆದರೆ ಅಲ್ಲಿ ಮಾತಾಡುವುದು ವೈದ್ಯನ ಗುಣ. "ನಾನು ಒಲ್ಲೆ" ಎನ್ನುವ ರೋಗಿಯ ಹಕ್ಕು ಅಲ್ಲಿ ಮುಖ್ಯ ವಿಷಯವಲ್ಲ. ಒಳ್ಳೆಯ ಡಾಕ್ಟರು ಕೂಡ ಸಂಶೋಧಕನ ಟೋಪಿ ಹಾಕಿಕೊಂಡಾಗ ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತಾನೆ. ಆಗ ಅವನ ಗುಣವೊಂದೇ ಸಾಲದು, ಹೊರಗಿನವರ ಕಣ್ಣೂ ಬೇಕು. ಎರಡನ್ನೂ ಇಟ್ಟುಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಇದನ್ನು ಒಂದು ಶಾಸ್ತ್ರ ಎನ್ನಬಹುದೇ, ಅಥವಾ ಬರೀ ನಿಯಮಗಳ ಕಂತೆಯೇ?

ನಮ್ಮಲ್ಲಿ ನಿಯಮ ಮೊದಲು ಬಂತು, ಓದು ಆಮೇಲೆ ಬಂತು. ನಮ್ಮ ಸಮಸ್ಯೆಯ ಬೇರು ಇಲ್ಲೇ ಇದೆ. ಹತ್ತಾರು ಕಾಲೇಜುಗಳಿಗೆ ಒಮ್ಮೆಲೇ ಕಮಿಟಿ ಬೇಕಾಯಿತು, ಆದರೆ ಆ ಕಮಿಟಿಯಲ್ಲಿ ಕೂತು ಯೋಚಿಸಬಲ್ಲ, ತರಬೇತಾದ ಜನ ಇರಲಿಲ್ಲ. ಫಾರ್ಮ್ ತುಂಬುವುದನ್ನು ಎಲ್ಲರೂ ಕಲಿತರು. ಒಂದು ಅಧ್ಯಯನ ನ್ಯಾಯವೋ ಅನ್ಯಾಯವೋ ಎಂದು ವಾದಿಸುವುದನ್ನು ಕಲಿತವರು ಕಡಿಮೆ.

ಕರ್ನಾಟಕದ ಸ್ಥಿತಿ ಬೇರೆ ಕಡೆಗಿಂತ ಪರವಾಗಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಯಾವ ಕಡ್ಡಾಯವೂ ಇಲ್ಲದ ಕಾಲದಲ್ಲೇ ವೈದ್ಯಕೀಯ ನೀತಿ ಕಲಿಸುತ್ತಿತ್ತು. ಮಂಗಳೂರಿನ ಯೆನೆಪೋಯದಲ್ಲಿ ಇದಕ್ಕೇ ಮೀಸಲಾದ ಕೇಂದ್ರ, ಸ್ನಾತಕೋತ್ತರ ಡಿಪ್ಲೊಮಾ ಇವೆ. ಐಸಿಎಂಆರ್‌ನ ಬಯೋಎಥಿಕ್ಸ್ ಘಟಕ ಇರುವುದೂ ಬೆಂಗಳೂರಿನಲ್ಲೇ. ಎಂಬಿಬಿಎಸ್‌ಗೆ 2019ರ ಬ್ಯಾಚ್‌ನಿಂದ ನಡತೆ, ನೀತಿ, ಸಂವಹನ ಕಲಿಸುವ ಏಟ್‌ಕಾಮ್ ಪಾಠಗಳು ಕಡ್ಡಾಯವಾದವು, ಒಟ್ಟು 27 ಮಾಡ್ಯೂಲ್. ಅಲ್ಲೂ ಪರೀಕ್ಷೆಯ ಹಿಂದಿನ ವಾರ ಲಾಗ್‌ಬುಕ್ ತುಂಬಿಸಿ ಮುಗಿಸುವ ಅಪಾಯ ಇದ್ದೇ ಇದೆ. ಪಾಠ ಕಚ್ಚುವುದು ವಾರ್ಡಿನಲ್ಲಿ, ನಿಜವಾದ ರೋಗಿಯ ಮುಂದೆ ಹಿರಿಯರು ಮಾತಾಡಿ ತೋರಿಸಿದಾಗ.

ನಮ್ಮ ಕಡೆ ದೊಡ್ಡ ಸಂಶೋಧನೆ ಎಲ್ಲಿ ನಡೆಯುತ್ತದೆ? ಇದೆಲ್ಲ ಬೆಂಗಳೂರು-ದೆಹಲಿಯ ವಿಷಯ ಅಲ್ಲವೇ?

ಅಲ್ಲ. ಜಗತ್ತಿನ ಪಠ್ಯಪುಸ್ತಕ ಬದಲಿಸಿದ ಪ್ರಯೋಗ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆ ಸಾಕೇ ಎಂದು ನೋಡಲು ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡ ಅಮೆರಿಕದ ಸಂಶೋಧಕರೊಂದಿಗೆ ಸೇರಿ 2002ರಿಂದ 2005ರವರೆಗೆ 1,620 ಗರ್ಭಿಣಿಯರನ್ನು ಸೇರಿಸಿಕೊಂಡಿತು. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು. ಅರ್ಧದಷ್ಟು ಮಂದಿಗೆ 600 ಮೈಕ್ರೋಗ್ರಾಂ ಗುಳಿಗೆ, ಉಳಿದವರಿಗೆ ಔಷಧ ಇಲ್ಲದ ಪ್ಲಸೀಬೊ. ಸುರಿದ ರಕ್ತವನ್ನು ಅಂದಾಜಿಗೆ ಬಿಡದೆ ಅಳತೆಗೆರೆ ಇದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರು. 500 ಮಿ.ಲೀ. ಅಥವಾ ಹೆಚ್ಚು ರಕ್ತ ಹೋದವರು ಪ್ಲಸೀಬೊ ಗುಂಪಿನಲ್ಲಿ ನೂರಕ್ಕೆ 12, ಗುಳಿಗೆ ಗುಂಪಿನಲ್ಲಿ 6.4. 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕ್ಲಾಸಿನಲ್ಲಿ ಇದನ್ನು ಚರ್ಚಿಸುವಾಗ ಕೇಳಲೇಬೇಕಾದ ಪ್ರಶ್ನೆ: ದೊಡ್ಡ ಆಸ್ಪತ್ರೆಯಲ್ಲಿ ಈ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಇರುವಾಗ ಹಳ್ಳಿಯ ಹೆಂಗಸಿಗೆ ಪ್ಲಸೀಬೊ ಕೊಡುವುದು ಸರಿಯೇ? ಆ ಜಾಗದಲ್ಲಿ, ಆ ಕಾಲದಲ್ಲಿ ಎಎನ್‌ಎಂ ಕೈಯಲ್ಲಿ ಆ ಇಂಜೆಕ್ಷನ್ ಇರಲಿಲ್ಲ, ಆದ್ದರಿಂದ ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ ಎಂಬುದು ಒಂದು ವಾದ. ಇಲ್ಲದಿರುವ ಸೌಲಭ್ಯವನ್ನೇ ಅಳತೆಗೋಲು ಮಾಡಿಕೊಂಡರೆ ಬಡ ಊರುಗಳು ಎಂದೆಂದಿಗೂ ಪ್ಲಸೀಬೊ ಊರುಗಳಾಗುತ್ತವೆ ಎಂಬುದು ಇನ್ನೊಂದು. ನಮ್ಮ ಅಭಿಪ್ರಾಯ: ಉತ್ತರವು ಆ ಹಳ್ಳಿಗಳಿಗೇ ಬೇಕಾಗಿತ್ತು, ಗುಳಿಗೆಯೂ ಅಗ್ಗದ್ದು, ಆದ್ದರಿಂದ ಮೊದಲ ವಾದಕ್ಕೆ ತೂಕ ಹೆಚ್ಚು. ಆದರೆ ಅದೇ ಪ್ರಯೋಗವನ್ನು ಇವತ್ತು ಯಾರಾದರೂ ಮತ್ತೆ ತಂದರೆ ಕಮಿಟಿ ತಿರಸ್ಕರಿಸಬೇಕು.

ಇನ್ನೊಂದು ಉದಾಹರಣೆ ಎಚ್ಚರಿಕೆಯದು. ಅವಧಿಗೆ ಮುಂಚಿನ ಹೆರಿಗೆಯ ಸಾಧ್ಯತೆ ಇದ್ದವರಿಗೆ ಹಳ್ಳಿ ಮಟ್ಟದಲ್ಲೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಶಿಶುಮರಣ ತಗ್ಗುತ್ತದೆಯೇ ಎಂದು ಆರು ದೇಶಗಳಲ್ಲಿ ನೋಡಿದರು. ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ಫಲಿತಾಂಶ ಎಲ್ಲರ ನಿರೀಕ್ಷೆಗೆ ವಿರುದ್ಧ: ಒಟ್ಟು ಹೆರಿಗೆಗಳನ್ನು ಲೆಕ್ಕ ಹಾಕಿದಾಗ ಇಂಜೆಕ್ಷನ್ ಪ್ರದೇಶದಲ್ಲಿ ನವಜಾತ ಶಿಶುಮರಣ ಸಾವಿರಕ್ಕೆ 27.4, ಇನ್ನೊಂದರಲ್ಲಿ 23.9. "ಒಳ್ಳೆಯದೇ ಆಗುತ್ತೆ ಬಿಡ್ರಿ" ಎಂದು ಕನ್ಸೆಂಟ್ ವೇಳೆ ಹೇಳಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಿಜಯಪುರ, ಬಾಗಲಕೋಟೆಯಲ್ಲಿ ಪರಿಶಿಷ್ಟ ಜಾತಿ-ಪಂಗಡದ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಉಳಿಸುವ 'ಸಮತಾ' ಅಧ್ಯಯನ, ಬಾಗಲಕೋಟೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ಮೇಲಿನ ಸಂಗಾತಿ ಹಿಂಸೆ ಕುರಿತ 'ಸಂವೇದನಾ ಪ್ಲಸ್' ಅಧ್ಯಯನ ನಡೆದಿವೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇದೆ. ಕೋವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗ ನಡೆದ ಊರುಗಳಲ್ಲೂ ಬೆಳಗಾವಿ ಒಂದು. ಇದಲ್ಲದೆ ಪ್ರತಿ ವರ್ಷ ನೂರಾರು ಪಿ.ಜಿ. ಪ್ರಬಂಧಗಳು. ಕೆಲಸಕ್ಕೆ ಕೊರತೆಯಿಲ್ಲ.

ಎಥಿಕ್ಸ್ ಕಮಿಟಿಯಲ್ಲಿ ಯಾರ್ಯಾರು ಇರಬೇಕು? ಎಲ್ಲಿ ನೋಂದಾಯಿಸಬೇಕು?

ಕನಿಷ್ಠ ಏಳು ಜನ. ಅರ್ಧಕ್ಕೆ ಕಡಿಮೆಯಿಲ್ಲದಂತೆ ಸಂಸ್ಥೆಯ ಹೊರಗಿನವರು. ಅಧ್ಯಕ್ಷರು ಹೊರಗಿನವರೇ ಆಗಬೇಕು, ಸದಸ್ಯ ಕಾರ್ಯದರ್ಶಿ ಒಳಗಿನವರು. ಒಬ್ಬ ಮಹಿಳೆಯಾದರೂ ಇರಬೇಕು. ಔಷಧ ಪ್ರಯೋಗ ನೋಡುವ ಸಭೆಗೆ ಐದು ಜನರ ಕೋರಂ, ಅಂದರೆ ಕನಿಷ್ಠ ಹಾಜರಿ, ಬೇಕು, ಅದೂ ಯಾರೋ ಐದು ಜನ ಅಲ್ಲ: ಒಬ್ಬ ವೈದ್ಯವಿಜ್ಞಾನಿ, ಔಷಧಶಾಸ್ತ್ರದ (ಫಾರ್ಮಕಾಲಜಿ) ವಿಭಾಗದವರಾದರೆ ಒಳ್ಳೆಯದು, ಒಬ್ಬ ಕ್ಲಿನಿಷಿಯನ್, ಒಬ್ಬ ಕಾನೂನು ತಜ್ಞ, ಸಮಾಜ ವಿಜ್ಞಾನಿ ಅಥವಾ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಅಥವಾ ತತ್ವಶಾಸ್ತ್ರದವರು, ಮತ್ತೊಬ್ಬ ಸಾಮಾನ್ಯ ಸದಸ್ಯ. ವಕೀಲರು ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಸಭೆ ಮುಂದೂಡಬೇಕು. ನಡೆಸಿ, ಆಮೇಲೆ ಅವರ ಮನೆಗೆ ರಿಜಿಸ್ಟರ್ ಕಳಿಸಿ ಸಹಿ ಹಾಕಿಸುವುದು ತಪ್ಪಷ್ಟೇ ಅಲ್ಲ, ಸುಳ್ಳು ದಾಖಲೆ.

ನೋಂದಣಿ ಎರಡು ಬಗೆ, ಹೆಚ್ಚಿನ ಗೊಂದಲ ಇಲ್ಲೇ. ಹೊಸ ಔಷಧ, ಲಸಿಕೆಯ ಪ್ರಯೋಗ ನೋಡುವ ಕಮಿಟಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಬೇರೆ ಆರೋಗ್ಯ ಸಂಶೋಧನೆ, ಅಂದರೆ ಬಹುಪಾಲು ಪಿ.ಜಿ. ಪ್ರಬಂಧ ನೋಡುವ ಕಮಿಟಿಯನ್ನು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೈತಿಕ್ ಪೋರ್ಟಲ್ ಮೂಲಕ ನೋಂದಾಯಿಸಬೇಕು. ಒಂದೇ ಕಮಿಟಿ ಎರಡೂ ಕೆಲಸ ಮಾಡುವುದಾದರೆ ಎರಡೂ ನೋಂದಣಿ ಬೇಕು. ಒಂದಿದ್ದರೆ ಸಾಕು ಎಂದುಕೊಂಡು ಕೂತ ಕಾಲೇಜುಗಳು ತೊಂದರೆಗೆ ಸಿಕ್ಕಿವೆ. ಅವಧಿ ಯಾವಾಗ ಮುಗಿಯುತ್ತದೆ ಎಂಬ ದಿನಾಂಕವನ್ನು ಆಫೀಸಿನ ಗೋಡೆಗೆ ಅಂಟಿಸಿಡಿ.

ನನ್ನನ್ನು ಸಾಮಾನ್ಯ ಸದಸ್ಯರಾಗಿ ಕರೆದಿದ್ದಾರೆ. ನನಗೆ ವೈದ್ಯಕೀಯ ಗೊತ್ತಿಲ್ಲ, ನಾನೇನು ಮಾಡಲಿ?

ಗೊತ್ತಿಲ್ಲ ಎಂಬುದೇ ನಿಮ್ಮ ಅರ್ಹತೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಸ್ವಸಹಾಯ ಸಂಘದ ಅಕ್ಕ ಯಾರಾದರೂ ಆಗಬಹುದು. ಸಭೆಗೆ ಮೊದಲು ಪೂರ್ತಿ ಪ್ರೊಟೋಕಾಲ್, ಅಂದರೆ ಅಧ್ಯಯನದ ಲಿಖಿತ ಯೋಜನೆ, ಅರ್ಥವಾಗದಿದ್ದರೂ ಪರವಾಗಿಲ್ಲ, ಕನ್ನಡದ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಮಾತ್ರ ಸಾಲು ಸಾಲಾಗಿ ಓದಿ. ಓದುವಾಗ ಇಂಡಿಯಿಂದಲೋ ಜಮಖಂಡಿಯಿಂದಲೋ ಬಂದ ಒಬ್ಬರನ್ನು ಮನಸ್ಸಿನ ಮುಂದೆ ಕೂರಿಸಿಕೊಳ್ಳಿ. ಇವರು ಎಷ್ಟು ಸಲ ಬರಬೇಕು? ಬಸ್ ಚಾರ್ಜು, ತಪ್ಪಿದ ಕೂಲಿ ಯಾರು ಕೊಡುತ್ತಾರೆ? ಒಲ್ಲೆ ಎಂದರೆ ಅವರ ಎಂದಿನ ಚಿಕಿತ್ಸೆ ನಿಲ್ಲುತ್ತದೆಯೇ? ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ತಿಂಗಳುಗಳಲ್ಲಿ ಫಾಲೋ-ಅಪ್ ಹೇಗೆ? ರಾತ್ರಿ ಮೈಮೇಲೆ ದದ್ದು ಎದ್ದರೆ ಯಾರಿಗೆ ಫೋನ್ ಮಾಡಬೇಕು, ಆ ನಂಬರ್ ಎತ್ತುತ್ತಾರೆಯೇ?

ಈ ಪ್ರಶ್ನೆಗಳನ್ನು ಡಾಕ್ಟರುಗಳು ಕೇಳುವುದಿಲ್ಲ, ಅವರಿಗೆ ಹೊಳೆಯುವುದೂ ಇಲ್ಲ. ಉತ್ತರ ತೃಪ್ತಿ ಕೊಡದಿದ್ದರೆ ನಿಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಯಿಸಿ. ಅಧ್ಯಯನ ಮಾಡುವವರೇ ಸದಸ್ಯರಾಗಿದ್ದರೆ ಚರ್ಚೆ, ನಿರ್ಧಾರದ ಹೊತ್ತಿಗೆ ಅವರು ಹೊರಗೆ ಹೋಗಬೇಕು. ವಿಭಾಗದ ಮುಖ್ಯಸ್ಥರೆಂದು ಸಂಕೋಚ ಬೇಡ, ಕೇಳಿ.

ಪಿ.ಜಿ. ಪ್ರಬಂಧಕ್ಕೆ ಯಾವ ಕ್ರಮದಲ್ಲಿ ಹೋಗಬೇಕು?

ಮೊದಲು ಗೈಡ್ ಜೊತೆ ಕೂತು ವಿಷಯ, ಎಷ್ಟು ಜನ ಬೇಕು ಎಂಬ ಲೆಕ್ಕ ಗಟ್ಟಿ ಮಾಡಿ. ಸಾಕಷ್ಟು ಜನರಿಲ್ಲದ, ಉತ್ತರವೇ ಸಿಗದ ಅಧ್ಯಯನಕ್ಕೆ ಒಬ್ಬ ರೋಗಿಯ ರಕ್ತ ತೆಗೆಯುವುದೂ ಅನೀತಿಯೇ. ಆಮೇಲೆ ಪ್ರೊಟೋಕಾಲ್, ಕೇಸ್ ಶೀಟ್, ಇಂಗ್ಲಿಷ್ ಮತ್ತು ಕನ್ನಡ ಒಪ್ಪಿಗೆ ಪತ್ರ ಒಟ್ಟಿಗೆ ಕಮಿಟಿಗೆ. ಕಮಿಟಿ ಮೂರರಲ್ಲಿ ಒಂದು ದಾರಿ ಹಿಡಿಯುತ್ತದೆ: ಪರಿಶೀಲನೆಯಿಂದ ವಿನಾಯಿತಿ, ತ್ವರಿತ ಪರಿಶೀಲನೆ, ಪೂರ್ಣ ಸಭೆ. ಯಾವುದು ಎಂದು ತೀರ್ಮಾನಿಸುವವರು ಕಮಿಟಿಯವರು, ನೀವಲ್ಲ. "ಬರೀ ಹಳೆಯ ಕೇಸ್ ಶೀಟ್ ನೋಡೋದು, ಅನುಮತಿ ಬೇಡ" ಎಂದು ನೀವೇ ಹೇಳಿಕೊಂಡು ಶುರು ಮಾಡಬೇಡಿ. ಕಮಿಟಿಯ ಪ್ರಮಾಣಪತ್ರ ಸಿಕ್ಕ ಮೇಲೆಯೇ ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪರೇಖೆ, ವಿಶ್ವವಿದ್ಯಾಲಯಕ್ಕೆ.

ಔಷಧ, ಶಸ್ತ್ರಕ್ರಿಯೆ, ವ್ಯಾಯಾಮ ಹೀಗೆ ಏನನ್ನಾದರೂ ಕೊಟ್ಟು ನೋಡುವ ಅಧ್ಯಯನವಾದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ, ಅಂದರೆ ಸಿಟಿಆರ್‌ಐ, ತಪ್ಪಿಸಬೇಡಿ. ಅದು ಶುರುವಾದದ್ದು 2007ರ ಜುಲೈನಲ್ಲಿ. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಮುಗಿದಿರಬೇಕು, ಆಮೇಲೆ ತೆಗೆದುಕೊಳ್ಳುವುದಿಲ್ಲ. ಪ್ರಶ್ನೆ ಹಾಕಿ ವಾಪಸ್ ಕಳಿಸುವುದು ಅಲ್ಲಿ ಸಾಮಾನ್ಯ, ಆದ್ದರಿಂದ ಕೆಲವು ವಾರ ಕೈಯಲ್ಲಿಟ್ಟುಕೊಳ್ಳಿ.

ಎಲ್ಲಿ ಕೆಡುತ್ತದೆ? ಪ್ರಮಾಣಪತ್ರದಲ್ಲಿ ಒಂದು ಶೀರ್ಷಿಕೆ, ಸಿನಾಪ್ಸಿಸ್‌ನಲ್ಲಿ ಇನ್ನೊಂದು. ಅನುಮತಿಯ ದಿನಾಂಕಕ್ಕಿಂತ ಹಿಂದಿನ ಒಪ್ಪಿಗೆ ಸಹಿಗಳು. ನಡುವೆ ರಕ್ತಪರೀಕ್ಷೆ ಒಂದು ಸೇರಿಸಿ ಕಮಿಟಿಗೆ ತಿಳಿಸದಿರುವುದು. ಮೂರನೆಯದು ಸಣ್ಣದೆಂದು ತೋರುತ್ತದೆ, ಆದರೆ ಜನ ಒಪ್ಪಿದ್ದು ಆ ಪರೀಕ್ಷೆಗಲ್ಲ. ತಿದ್ದುಪಡಿ ಅರ್ಜಿ ಕೊಟ್ಟು, ಒಪ್ಪಿಗೆ ಬಂದ ಮೇಲೆ ಮುಂದುವರಿಸಿ.

ಕನ್ನಡದ ಒಪ್ಪಿಗೆ ಪತ್ರ ಹೇಗಿರಬೇಕು?

ಇಂಗ್ಲಿಷ್ ಫಾರ್ಮನ್ನು ಕಂಪ್ಯೂಟರಿಗೆ ಹಾಕಿ ಬಂದದ್ದನ್ನು ಪ್ರಿಂಟ್ ಹೊಡೆಯುವುದೇ ಇವತ್ತಿನ ದೊಡ್ಡ ರೋಗ. "ಭಾಗವಹಿಸುವವರನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಿಗೆ ನಿಯೋಜಿಸಲಾಗುವುದು" ಎಂದರೆ ಕಾಲೇಜು ಓದಿದವರಿಗೂ ತಿಳಿಯದು. ಹೀಗೆ ಬರೆಯಿರಿ: "ನಿಮಗೆ ಎರಡರಲ್ಲಿ ಯಾವ ಔಷಧ ಸಿಗುತ್ತದೆ ಎಂದು ಡಾಕ್ಟರು ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ." ರಕ್ತ "5 ಮಿ.ಲೀ., ಒಂದು ಚಹಾ ಚಮಚದಷ್ಟು, ಒಟ್ಟು ಎರಡು ಸಲ" ಎಂದು ಬರೆಯಿರಿ. "ಯಾವುದೇ ಅಪಾಯವಿಲ್ಲ" ಎಂದು ಬರೆಯಬೇಡಿ. ಸೂಜಿ ಚುಚ್ಚಿದ ಜಾಗ ನೋಯಬಹುದು, ಬಾವು ಬರಬಹುದು ಎಂದಾದರೂ ಇರಲಿ.

ಇದು ಸಂಶೋಧನೆ, ಎಂದಿನ ಚಿಕಿತ್ಸೆಯಲ್ಲ ಎಂಬುದು ಮೊದಲ ಸಾಲಿನಲ್ಲೇ ಬರಬೇಕು. ಎಷ್ಟು ದಿನ, ಎಷ್ಟು ಭೇಟಿ, ಬೇಡವೆಂದರೆ ಇರುವ ಬೇರೆ ಚಿಕಿತ್ಸೆ, ಯಾವಾಗ ಬೇಕಾದರೂ ಹೊರಬರುವ ಹಕ್ಕು, ಹಾನಿಯಾದರೆ ಪರಿಹಾರ, ಸಂಶೋಧಕರ ಮತ್ತು ಕಮಿಟಿಯ ಫೋನ್ ನಂಬರ್ ಇವೆಲ್ಲ ಎರಡು-ಮೂರು ಪುಟದಲ್ಲಿ ಮುಗಿಯಬೇಕು. ಕನ್ನಡಕ್ಕೆ ಮಾಡಿದ ಮೇಲೆ ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿ ಮಾಡಿಸಿ ಹೋಲಿಸಿ. ವಾರ್ಡಿನ ಆಯಾಗೆ ಓದಿ ಹೇಳಿ, "ಏನು ತಿಳೀತ್ರಿ?" ಎಂದು ಕೇಳುವುದು ಇನ್ನೂ ಒಳ್ಳೆಯ ಪರೀಕ್ಷೆ.

ಕನ್ನಡ ಒಂದೇ ಸಾಲದು. ಖಾನಾಪುರ, ನಿಪ್ಪಾಣಿ ಕಡೆಯವರಿಗೆ ಮರಾಠಿ, ವಿಜಯಪುರದ ಪೇಟೆಯಲ್ಲಿ ಹಲವರಿಗೆ ಉರ್ದು ಬೇಕು. ತಾಂಡಾದವರು ಮನೆಯಲ್ಲಿ ಮಾತಾಡುವುದು ಲಂಬಾಣಿ. ಅಲ್ಲಿ ಕನ್ನಡ ಫಾರ್ಮ್ ಇಟ್ಟುಕೊಂಡು ಲಂಬಾಣಿ ಬಲ್ಲವರಿಂದ ಬಾಯಲ್ಲಿ ವಿವರಿಸಿ, ಯಾರು ವಿವರಿಸಿದರು ಎಂದು ದಾಖಲಿಸಿ.

ಸಹಿಯಾದ ಮೇಲೆ ಒಂದು ಪ್ರತಿ ಅವರ ಕೈಗೆ. ಇದು ಕಾನೂನು, ಉಪಕಾರವಲ್ಲ.

ಓದು ಬರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಕೇ? ಮಕ್ಕಳಾದರೆ?

ಸಾಲದು. ಓದು ಬಲ್ಲ, ಸಂಶೋಧನಾ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ವಿವರಣೆ ಶುರುವಾದಾಗಿನಿಂದ ಕೊನೆಯವರೆಗೆ ಅಲ್ಲೇ ಇದ್ದು ಸಹಿ ಮಾಡಬೇಕು. ಕೊನೆಯಲ್ಲಿ ಕರೆದು ಸಹಿ ಹಾಕಿಸಿಕೊಂಡ ವಾರ್ಡ್ ಸಿಸ್ಟರ್ ಸಾಕ್ಷಿಯಾಗುವುದಿಲ್ಲ. ಹೊಸ ರಾಸಾಯನಿಕದ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವಾಗ ಆಡಿಯೋ-ವಿಡಿಯೋ ದಾಖಲೆ ಬೇಕು. ಎಚ್‌ಐವಿ, ಕುಷ್ಠರೋಗದ ಔಷಧವಾದರೆ ಧ್ವನಿ ಮಾತ್ರ ಸಾಕು, ಮುಖ ಕಾಣಬಾರದೆಂದು ಈ ವಿನಾಯಿತಿ.

ಮಕ್ಕಳ ವಿಷಯದಲ್ಲಿ ತಂದೆ-ತಾಯಿಯ ಒಪ್ಪಿಗೆ ಜೊತೆಗೆ ಮಗುವಿನ ಸಮ್ಮತಿಯೂ ಬೇಕು: 7ರಿಂದ 12 ವರ್ಷದವರಿಗೆ ಬಾಯಿಮಾತು, 12ರಿಂದ 18ರವರಿಗೆ ಬರಹ. ಅಪ್ಪ ಒಪ್ಪಿದರೂ ಹುಡುಗಿ ಬೇಡವೆಂದರೆ ಬೇಡ.

ಗ್ರಾಮ ಪಂಚಾಯಿತಿ ಅಧ್ಯಕ್ಷರು ಒಪ್ಪಿದ್ದಾರೆ, ಆಶಾ ಅಕ್ಕನೇ ಕರೆದುಕೊಂಡು ಬಂದಿದ್ದಾರೆ. ಬೇರೆ ಒಪ್ಪಿಗೆ ಬೇಕೇ?

ಬೇಕು. ಪಂಚಾಯಿತಿಯ ಮಾತು ಊರೊಳಗೆ ಕಾಲಿಡಲು ಅನುಮತಿ. ಒಬ್ಬೊಬ್ಬರ ಒಪ್ಪಿಗೆ ಅದಲ್ಲ. ಆಶಾ ಕಾರ್ಯಕರ್ತೆಯ ಮಾತನ್ನು ಬಾಣಂತಿ ತಳ್ಳಿಹಾಕುವುದು ಕಷ್ಟ, ನಾಳೆ ಚುಚ್ಚುಮದ್ದಿಗೆ ಅವರ ಬಳಿಯೇ ಹೋಗಬೇಕಲ್ಲ. ಆದ್ದರಿಂದ ಪರಿಚಯ ಮಾಡಿಸುವುದು ಆಶಾ, ಒಪ್ಪಿಗೆ ಕೇಳುವುದು ಬೇರೆಯವರು ಎಂದು ಕೆಲಸ ಹಂಚಿ. ತಲೆಗೆ ಇಷ್ಟು ಎಂದು ಆಶಾಗೆ ಹಣ ಕೊಡುವ ಯೋಜನೆ ಕಂಡರೆ ಕಮಿಟಿ ಪ್ರಶ್ನಿಸಬೇಕು. ಅತ್ತೆ "ಹೂಂ ಅನ್ನವ್ವಾ" ಎನ್ನುತ್ತಿರುವಾಗ ಸೊಸೆಯ ಒಪ್ಪಿಗೆ ಒಪ್ಪಿಗೆಯಲ್ಲ, ಎರಡು ನಿಮಿಷ ಅವರನ್ನು ಬೇರೆ ಕೂರಿಸಿ ಮಾತಾಡಿ.

ಎಚ್‌ಐವಿ ಇರುವವರ ಅಧ್ಯಯನದಲ್ಲಿ ಇನ್ನೂ ಎಚ್ಚರ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸ್ಥಿತಿ ಬಹಿರಂಗಪಡಿಸುವಂತಿಲ್ಲ. ಹಳ್ಳಿಯ ಹೆಸರು, ವಯಸ್ಸು, ಜಾತಿ, ಕಸುಬು ಸೇರಿಸಿ ಬರೆದರೆ ಹೆಸರೇ ಬೇಕಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಸಂಶೋಧನೆಯ ಬಿಳಿ ಜೀಪು ಒಂದೇ ಮನೆ ಮುಂದೆ ಪದೇ ಪದೇ ನಿಂತರೂ ಅಷ್ಟೇ.

ಪ್ರಯೋಗದಲ್ಲಿ ಹಾನಿಯಾದರೆ ಏನು ಸಿಗುತ್ತದೆ?

ಔಷಧ ಪ್ರಯೋಗವಾದರೆ ಮೊದಲು ಉಚಿತ ಚಿಕಿತ್ಸೆ. ಹಾನಿಗೂ ಪ್ರಯೋಗಕ್ಕೂ ಸಂಬಂಧವಿಲ್ಲ ಎಂದು ಖಚಿತವಾಗುವವರೆಗೆ ಅಥವಾ ಬೇಕಾಗುವಷ್ಟು ಕಾಲ ಅದು ನಡೆಯಬೇಕು. ಗಂಭೀರ ಘಟನೆಯನ್ನು ಸಂಶೋಧಕರು 24 ಗಂಟೆಯೊಳಗೆ ತಿಳಿಸಬೇಕು, 14 ದಿನದಲ್ಲಿ ವಿವರ ವರದಿ, ಅದು ಬಂದ 30 ದಿನದಲ್ಲಿ ಕಮಿಟಿಯ ಅಭಿಪ್ರಾಯ. ಸಾವಾದರೆ ಲೆಕ್ಕ ಹೀಗೆ: 8 ಲಕ್ಷ ರೂಪಾಯಿಯನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸುವುದು. ವಯಸ್ಸು ಹೆಚ್ಚಿದಂತೆ ವಯಸ್ಸಿನ ಅಂಶ ಇಳಿಯುತ್ತದೆ, 65 ದಾಟಿದವರಿಗೆ ಅದು 99.37. ಅಪಾಯದ ಅಂಶ 0.5ರಿಂದ 4ರವರೆಗೆ: ಮೊದಲೇ ತೀರ ಕಾಯಿಲೆಯಲ್ಲಿದ್ದವರಿಗೆ ಕಡಿಮೆ, ಆರೋಗ್ಯವಂತರಾಗಿ ಸೇರಿದವರಿಗೆ ಹೆಚ್ಚು. ಈ ಸೂತ್ರದಿಂದ ಮೊತ್ತ 4 ಲಕ್ಷದಿಂದ ಸುಮಾರು 73.6 ಲಕ್ಷದವರೆಗೆ ಬರುತ್ತದೆ. 30 ದಿನದೊಳಗೆ ಸಾವಿನ ಸಂಭವ ನೂರಕ್ಕೆ 90 ಅಥವಾ ಹೆಚ್ಚು ಎಂದಿದ್ದವರಿಗೆ 2 ಲಕ್ಷದ ನಿಗದಿ ಮೊತ್ತ.

ಪಿ.ಜಿ. ಪ್ರಬಂಧಕ್ಕೆ ಕಂಪನಿ ಇರುವುದಿಲ್ಲ. ಆಗ ಹೊಣೆ ಸಂಸ್ಥೆಯದು. ಅದಕ್ಕೆ ಬೇಕಾದ ನಿಧಿಯನ್ನೋ ವಿಮೆಯನ್ನೋ ಕಾಲೇಜು ಇಟ್ಟಿದೆಯೇ ಎಂದು ಕಮಿಟಿ ಅನುಮತಿ ಕೊಡುವ ಮೊದಲೇ ಕೇಳಲಿ. ಹಾನಿಯಾದ ಮೇಲೆ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆಯುರ್ವೇದ ಔಷಧಕ್ಕೂ ಇದೆಲ್ಲ ಬೇಕೇ? ನಾಟಿ ವೈದ್ಯರ ಜ್ಞಾನ ದಾಖಲಿಸುವಾಗ?

ಸಾವಿರಾರು ವರ್ಷದಿಂದ ಬಳಕೆಯಲ್ಲಿದೆ ಎಂಬುದು ಕಮಿಟಿ ತಪ್ಪಿಸಲು ಕಾರಣವಲ್ಲ. ಆಯುರ್ವೇದ, ಸಿದ್ಧ, ಯುನಾನಿ ಪ್ರಯೋಗಗಳಿಗೆ ಆಯುಷ್‌ನ 2013ರ ಮಾರ್ಗಸೂಚಿಯೇ ಇದೆ, ಸಿಟಿಆರ್‌ಐ ನೋಂದಣಿಯೂ ಬೇಕು. ನಾಟಿ ವೈದ್ಯರ ಬಳಿ ಹೋಗುವಾಗ ಅವರೇ ಸಂಶೋಧನೆಗೆ ಒಳಪಡುವವರು: ಏನು ಬರೆದುಕೊಳ್ಳುತ್ತೀರಿ, ಪ್ರಕಟಿಸುತ್ತೀರಾ, ಲಾಭ ಬಂದರೆ ಅವರಿಗೆ ಪಾಲು ಎಷ್ಟು ಎಂದು ಮೊದಲೇ ಹೇಳಿ. ಸಸ್ಯವನ್ನು ವ್ಯಾಪಾರಕ್ಕೆ ಬಳಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ.

ಐಸಿಯುನಲ್ಲಿರುವ ಹಿರಿಯರ ವೆಂಟಿಲೇಟರ್ ತೆಗೆಸಬಹುದೇ?

ಕಾನೂನಿನ ದಾರಿ ಇದೆ. ಇದು ತೆರೆದದ್ದು ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಪ್ರಕರಣದಿಂದ. ಮುಂಬೈಯ ಆಸ್ಪತ್ರೆಯಲ್ಲಿ ದಶಕಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ಅವರ ಬಗ್ಗೆ ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತೀರ್ಪಿತ್ತಿತು. ಅವರ ವಿಷಯದಲ್ಲಿ ಅರ್ಜಿ ತಳ್ಳಿಹಾಕಿದರೂ ಜೀವರಕ್ಷಕ ಸಾಧನ ಹಿಂತೆಗೆಯುವ ತತ್ವವನ್ನು ಒಪ್ಪಿತು. 2018ರಲ್ಲಿ ಘನತೆಯ ಸಾವು ಹಕ್ಕು ಎಂದಾಯಿತು, 2023ರ ಜನವರಿಯಲ್ಲಿ ವಿಧಾನ ಸರಳವಾಯಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು.

ಆಸ್ಪತ್ರೆಯ ಮೂವರ ಪ್ರಾಥಮಿಕ ಮಂಡಳಿ ಮೊದಲು ನೋಡುತ್ತದೆ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಇರುವ ಮೂವರ ಎರಡನೆಯ ಮಂಡಳಿ. ಸಾಧ್ಯವಾದಷ್ಟು 48 ಗಂಟೆಯಲ್ಲಿ ತೀರ್ಮಾನ. ಕುಟುಂಬದ ಒಪ್ಪಿಗೆ ಬೇಕು, ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಂಥ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಹೇಳುವ ಮುಂಗಡ ಉಯಿಲನ್ನು ಆರೋಗ್ಯವಾಗಿರುವಾಗಲೇ ಬರೆದಿಡುವುದಾದರೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಅದು ಅಪರಾಧ. "ಮನೆಗೆ ಒಯ್ಯಿರಿ" ಎಂದು ಡಾಕ್ಟರರ ಸಲಹೆಗೆ ವಿರುದ್ಧ ಡಿಸ್ಚಾರ್ಜ್ ಎಂದು ಬರೆಸಿ ಕಳಿಸುವ ಹಳೆಯ ರೂಢಿಗಿಂತ ಈ ದಾರಿ ರೋಗಿಗೂ ಡಾಕ್ಟರಿಗೂ ಒಳ್ಳೆಯದು. ನೋವು ಶಮನದ ಆರೈಕೆ ಕೊನೆಯ ಕ್ಷಣದವರೆಗೆ ನಿಲ್ಲಬಾರದು.

ಇದನ್ನು ಕಲಿಯಬೇಕು. ಊರು ಬಿಡದೆ ಸಾಧ್ಯವೇ?

ಪಿ.ಜಿ.ಗಳಿಗೆ ಹೇಗೂ ಕಡ್ಡಾಯವಾದ ಮೂಲ ಸಂಶೋಧನಾ ಕೋರ್ಸನ್ನು ಐಸಿಎಂಆರ್‌ನ ಚೆನ್ನೈ ಸಂಸ್ಥೆ ಆನ್‌ಲೈನ್‌ನಲ್ಲಿ ನಡೆಸುತ್ತದೆ. ಅದರ ನೀತಿಯ ಪಾಠಗಳನ್ನು ಪರೀಕ್ಷೆಗೆಂದು ಓಡಿಸದೆ ನೋಡಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವೈದ್ಯಕೀಯ ಕಾನೂನು ಮತ್ತು ನೀತಿ ಡಿಪ್ಲೊಮಾ ದೂರಶಿಕ್ಷಣದಲ್ಲಿದೆ, ವಕೀಲ ಸದಸ್ಯರಿಗೆ ಹೇಳಿ ಮಾಡಿಸಿದ್ದು. ಐಸಿಎಂಆರ್‌ನ 2017ರ ಮಾರ್ಗಸೂಚಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಲು ಆಗದಿದ್ದರೆ ಒಪ್ಪಿಗೆ, ದುರ್ಬಲ ಸ್ಥಿತಿಯವರು, ಕಮಿಟಿಯ ಪರಿಶೀಲನೆ ಈ ಮೂರು ಅಧ್ಯಾಯಗಳಿಂದ ಶುರು ಮಾಡಿ. ಓದಿದ ಮೇಲೆ ನಿಮ್ಮ ಕಾಲೇಜಿನ ಕಮಿಟಿಯಲ್ಲಿ ಕಳೆದ ವರ್ಷ ಒಪ್ಪಿಗೆ ಸಿಕ್ಕ ಒಂದು ಕನ್ನಡ ಮಾಹಿತಿ ಪತ್ರವನ್ನು, ಸದಸ್ಯ ಕಾರ್ಯದರ್ಶಿಯ ಅನುಮತಿ ಪಡೆದು, ಕೆಂಪು ಪೆನ್ ಹಿಡಿದು ತಿದ್ದಲು ಕೂತುಕೊಳ್ಳಿ.